ಪಾಸ್‌ಪೋರ್ಟ್ ಇಲ್ಲದ ಪೌರತ್ವ: ಅದನ್ನು ಕಟ್ಟುತ್ತಿರುವವರು ಯಾರು?

1984ರ ಜುಲೈ 19. ಐರ್ಲೆಂಡಿನ ಡಬ್ಲಿನ್ ನಗರ. ಒಂದು ದೊಡ್ಡ ಅಂಗಡಿಯ ಬಿಲ್ ಕೌಂಟರಿನಲ್ಲಿ 21 ವರ್ಷದ ಮೇರಿ ಮ್ಯಾನಿಂಗ್ ಕೆಲಸ ಮಾಡುತ್ತಿದ್ದರು. ಗಿರಾಕಿಯೊಬ್ಬರು ಮುಂದಿಟ್ಟ ಸಾಮಾನಿನಲ್ಲಿ ಗ್ರೇಪ್‌ಫ್ರೂಟ್ ಹಣ್ಣಿತ್ತು. ಅದು ಬಂದದ್ದು ದಕ್ಷಿಣ ಆಫ್ರಿಕಾದಿಂದ. ಆಗ ಅಲ್ಲಿ ವರ್ಣಭೇದದ ಆಡಳಿತ. ಕಪ್ಪು ಜನರಿಗೆ ಮತ ಹಾಕುವ ಹಕ್ಕಿಲ್ಲ, ಬೇಕಾದ ಕಡೆ ಮನೆ ಮಾಡುವ ಹಕ್ಕೂ ಇಲ್ಲ. ಆ ದೇಶದ ಮಾಲನ್ನು ಮುಟ್ಟಬಾರದು ಎಂದು ಮೇರಿಯವರ ಕಾರ್ಮಿಕ ಸಂಘ ತೀರ್ಮಾನಿಸಿತ್ತು. ಮೇರಿ ಆ ಹಣ್ಣಿಗೆ ಬಿಲ್ ಹಾಕಲಿಲ್ಲ. ಕೂಡಲೇ ಅಮಾನತಾದರು. ಅವರ ಜೊತೆಗಾರರೂ ಕೆಲಸ ಬಿಟ್ಟು ಹೊರಗೆ ಬಂದು ನಿಂತರು. ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು.

ಆ ಹೊತ್ತಿಗೆ ಅವರಿಗೆ ದಕ್ಷಿಣ ಆಫ್ರಿಕಾದ ಬಗ್ಗೆ ಜಾಸ್ತಿ ಏನೂ ಗೊತ್ತಿರಲಿಲ್ಲ. ಕಲಿಸಿದವರು ನಿಮ್ರೋಡ್ ಸೆಜಾಕೆ. ದಕ್ಷಿಣ ಆಫ್ರಿಕಾ ಬಿಟ್ಟು ಬರಬೇಕಾಗಿ ಬಂದ ಕಾರ್ಮಿಕ ನಾಯಕ. ಅವರು ಈ ಹುಡುಗಿಯರ ಸಾಲಿನಲ್ಲಿ ಬಂದು ನಿಂತು, ಅಲ್ಲಿಯ ಬದುಕು ಹೇಗಿದೆ ಎಂದು ಬಿಡಿಸಿ ಹೇಳಿದರು. ಮುಷ್ಕರ ಎರಡೂವರೆ ವರ್ಷ ದಾಟಿತು. ಸಂಬಳವಿಲ್ಲ, ಮಳೆ-ಚಳಿ ಬೇರೆ. 1985ರಲ್ಲಿ ಅಲ್ಲಿಯ ಸ್ಥಿತಿಯನ್ನು ಕಣ್ಣಾರೆ ನೋಡೋಣ ಎಂದು ಹೊರಟರೆ ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದರು. ಕೊನೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು-ತರಕಾರಿ ಆಮದನ್ನೇ ನಿಷೇಧಿಸಿತು.

ವಿಶ್ವ ಪೌರತ್ವ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಬಿಲ್ ಕೌಂಟರು. ಭಾಷಣ, ಬಾವುಟ, ಭೂಗೋಳದ ಚಿತ್ರ ಎಲ್ಲ ಆಮೇಲೆ. ದೂರದ ಯಾರದೋ ಕಷ್ಟ ತನ್ನ ಕೈಯಿಂದಲೇ ಹಾದುಹೋಗುತ್ತಿದೆ ಎಂದು ಒಬ್ಬಳಿಗೆ ಹೊಳೆಯಿತು. ಕೈ ನಿಲ್ಲಿಸಿದಳು.

ಪೌರತ್ವ ಅಂದರೆ ಸಾಮಾನ್ಯವಾಗಿ ಒಂದು ದೇಶ, ಒಂದು ಕಾನೂನು, ಒಂದಿಷ್ಟು ಹಕ್ಕು, ಒಂದಿಷ್ಟು ಕರ್ತವ್ಯ. ಜಗತ್ತಿಗೆ ಸರ್ಕಾರವಿಲ್ಲ. ಹಾಗಾಗಿ ಕಾನೂನಿನ ಅರ್ಥದಲ್ಲಿ ವಿಶ್ವ ಪೌರತ್ವ ಎಂಬುದು ಎಲ್ಲಿಯೂ ಇಲ್ಲ. ಅದನ್ನು ಕಾಗದದ ಮೇಲೆ ತರಲು ಒಬ್ಬರು ಹೊರಟಿದ್ದರು. ಗ್ಯಾರಿ ಡೇವಿಸ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ಪೈಲಟ್. ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡವರು, ತಾವೇ ಜರ್ಮನಿಯ ಮೇಲೆ ಬಾಂಬ್ ಹಾಕಿದವರು. 1948ರ ಮೇ 25ರಂದು ಪ್ಯಾರಿಸ್‌ನಲ್ಲಿ ತಮ್ಮ ಅಮೆರಿಕನ್ ಪೌರತ್ವ ಬಿಟ್ಟುಕೊಟ್ಟು, ನಾನು ವಿಶ್ವದ ಪೌರ ಎಂದು ಘೋಷಿಸಿದರು. ಆಗ ಅವರಿಗೆ 26 ವರ್ಷ. ಮುಂದೆ ‘ವಿಶ್ವ ಪಾಸ್‌ಪೋರ್ಟ್’ ಎಂಬುದನ್ನೂ ಕೊಡತೊಡಗಿದರು. ಬಹುಪಾಲು ದೇಶಗಳು ಅದನ್ನು ಒಪ್ಪಲಿಲ್ಲ. ಅವರು ಹಲವು ಸಲ ಜೈಲು ಕಂಡರು. ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ದೇಶವನ್ನು ಬಿಟ್ಟುಕೊಟ್ಟು ಜಗತ್ತನ್ನು ಸೇರುವ ಆ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ. ಕೆಲಸಕ್ಕೆ ಬಂದದ್ದು ಮೇರಿಯವರ ದಾರಿ. ಅವರು ತಮ್ಮ ಊರಿನ ಅಂಗಡಿ, ತಮ್ಮ ಸಂಘ, ತಮ್ಮ ಸರ್ಕಾರ ಯಾವುದನ್ನೂ ಬಿಡಲಿಲ್ಲ. ಅವುಗಳ ಮೂಲಕವೇ ದೂರದವರ ಪರವಾಗಿ ಒತ್ತಡ ತಂದರು.

ಈ ವ್ಯತ್ಯಾಸ ದೊಡ್ಡದು. ವಿಶ್ವ ಪೌರತ್ವ ಅಂದರೆ ಬೇರಿಲ್ಲದ ಬದುಕು, ದೇಶಪ್ರೇಮಕ್ಕೆ ವಿರುದ್ಧ ಎಂಬ ಮಾತು ಆಗಾಗ ಕೇಳಿಬರುತ್ತದೆ. ನಡೆದ ಘಟನೆಗಳನ್ನು ನೋಡಿದರೆ ಉಲ್ಟಾ ಕಾಣುತ್ತದೆ. ಗಡಿಯಾಚೆಗೆ ಏನಾದರೂ ಬದಲಾಯಿಸಿದ ಯುವಕರು ತಮ್ಮ ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ನಿಂತವರೇ.

ಇದಕ್ಕೆ ಈ ಕಾಲದ ಉದಾಹರಣೆ ಪೆಸಿಫಿಕ್ ಸಾಗರದ ನಡುವಿನಿಂದ ಬಂದಿದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವನುವಾಟು ಸುಮಾರು 80 ದ್ವೀಪಗಳ ದೇಶ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ಕ್ಯಾಂಪಸ್ ಇದೆ. 12 ದ್ವೀಪ ದೇಶಗಳು ಸೇರಿ ನಡೆಸುವ ವಿಶ್ವವಿದ್ಯಾಲಯ ಅದು. 2019ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಪರಿಸರ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಸಮುದ್ರ ಏರುತ್ತಿದೆ. ಚಂಡಮಾರುತಗಳು ಬಲವಾಗುತ್ತಿವೆ. ಇದಕ್ಕೆ ಕಾರಣವಾದ ಹೊಗೆಯಲ್ಲಿ ನಮ್ಮ ದ್ವೀಪಗಳ ಪಾಲು ಲೆಕ್ಕಕ್ಕೂ ಸಿಗದಷ್ಟು ಸಣ್ಣದು. ಹಾಗಾದರೆ ಹೊಗೆ ಬಿಟ್ಟ ದೇಶಗಳಿಗೆ ಕಾನೂನಿನ ಪ್ರಕಾರ ಯಾವ ಹೊಣೆಯೂ ಇಲ್ವಾ?

ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಜಾಗ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ. ಆದರೆ ಅದರ ಬಾಗಿಲನ್ನು ವ್ಯಕ್ತಿಗಳು ತಟ್ಟುವಂತಿಲ್ಲ. ಮೊಕದ್ದಮೆ ಹೂಡುವುದಾದರೆ ಅದು ದೇಶಗಳ ಕೆಲಸ. ಸಲಹಾ ಅಭಿಪ್ರಾಯ ಕೇಳಬೇಕೆಂದರೆ ವಿಶ್ವಸಂಸ್ಥೆಯ ಮಹಾಸಭೆಯಂಥ ಸಂಸ್ಥೆಗಳೇ ಕೇಳಬೇಕು. ವಿದ್ಯಾರ್ಥಿಗಳು ಇಲ್ಲಿ ಜಾಣತನದಿಂದ ಯೋಚಿಸಿದರು. ನಮಗೆ ಬಾಗಿಲಿಲ್ಲ, ಆದರೆ ನಮ್ಮ ಸರ್ಕಾರಕ್ಕಿದೆ. ಪೆಸಿಫಿಕ್ ದ್ವೀಪಗಳ ನಾಯಕರಿಗೆ ಪತ್ರ ಬರೆದರು. ಒಂದು ಸಂಘಟನೆ ಕಟ್ಟಿದರು. ವನುವಾಟು ಸರ್ಕಾರ ಅವರ ಮಾತಿಗೆ ಕಿವಿಗೊಟ್ಟಿತು. ಬೇರೆ ಖಂಡಗಳ ಯುವಕರು ಜೊತೆ ಸೇರಿಕೊಂಡರು. 18 ದೇಶಗಳ ಗುಂಪು ಸೇರಿ ಪ್ರಶ್ನೆಯ ಒಂದೊಂದು ಪದವನ್ನೂ ತೂಗಿ ನೋಡಿತು. ಯಾವ ದೇಶವೂ ಸುಲಭವಾಗಿ ವಿರೋಧಿಸಲಾಗದ, ಆದರೆ ಹೊಣೆಯಿಂದ ನುಣುಚಿಕೊಳ್ಳಲೂ ಆಗದ ಮಾತುಗಳು ಬೇಕಿದ್ದವು.

2023ರ ಮಾರ್ಚ್ ಮೊದಲ ವಾರದಲ್ಲಿ ಜೂಡಿ ಮತ್ತು ಕೆವಿನ್ ಎಂಬ ಎರಡು ಚಂಡಮಾರುತಗಳು ಕೆಲವೇ ದಿನಗಳ ಅಂತರದಲ್ಲಿ ವನುವಾಟುವಿಗೆ ಅಪ್ಪಳಿಸಿದವು. ಅದೇ ತಿಂಗಳ 29ರಂದು, ನ್ಯಾಯಾಲಯದ ಅಭಿಪ್ರಾಯ ಕೇಳುವ ನಿರ್ಣಯವನ್ನು ಮಹಾಸಭೆ ಒಪ್ಪಿತು. ಮತಕ್ಕೆ ಹಾಕುವ ಅಗತ್ಯವೇ ಬೀಳಲಿಲ್ಲ. 130ಕ್ಕೂ ಹೆಚ್ಚು ದೇಶಗಳು ನಿರ್ಣಯದ ಜೊತೆ ನಿಂತಿದ್ದವು. 2024ರ ಡಿಸೆಂಬರ್‌ನಲ್ಲಿ ಎರಡು ವಾರ ವಿಚಾರಣೆ ನಡೆಯಿತು. 90ಕ್ಕೂ ಹೆಚ್ಚು ದೇಶಗಳು ಬಂದು ವಾದ ಹೇಳಿದವು. ಆ ತರಗತಿಯಲ್ಲಿ ಕೂತಿದ್ದ ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ನ್ಯಾಯಾಧೀಶರ ಎದುರು ನಿಂತು ಮಾತಾಡಿದರು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಹಾನಿಯಿಂದ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಅದನ್ನು ಮೀರುವುದು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ತಪ್ಪು, ಪರಿಹಾರ ಕೊಡಬೇಕಾಗಿಯೂ ಬರಬಹುದು.

ಇದು ಸಲಹೆ, ಕಟ್ಟುನಿಟ್ಟಿನ ತೀರ್ಪಲ್ಲ. ನಾಳೆಯೇ ಯಾವ ಚಿಮಣಿಯೂ ನಿಲ್ಲುವುದಿಲ್ಲ. ಆದರೂ ಇದರ ತೂಕ ಕಡಿಮೆಯಲ್ಲ. ಇನ್ನು ಮುಂದೆ ಜಗತ್ತಿನ ಯಾವುದೇ ನ್ಯಾಯಾಲಯದಲ್ಲಿ ಹವಾಮಾನದ ಮೊಕದ್ದಮೆ ನಡೆದರೂ ವಕೀಲರು ಈ ಅಭಿಪ್ರಾಯವನ್ನು ಮೇಜಿನ ಮೇಲಿಡುತ್ತಾರೆ. ತರಗತಿಯ ಪ್ರಶ್ನೆಯೊಂದಕ್ಕೆ ಹೇಗ್‌ನಿಂದ ಉತ್ತರ ಸಿಗಲು ಆರು ವರ್ಷ ಬೇಕಾಯಿತು. ಆ ಆರು ವರ್ಷದ ಪತ್ರ, ಸಭೆ, ಕರಡು, ತಿದ್ದುಪಡಿ ಯಾರ ಫೋಟೋದಲ್ಲೂ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ವಿಶ್ವ ಪೌರತ್ವ ಕಟ್ಟಿದ್ದು ಆ ಬೇಸರ ಹಿಡಿಸುವ ಕೆಲಸವೇ.

ಎಲ್ಲ ಪ್ರಯತ್ನವೂ ಹೀಗೆ ಮುಗಿಯುವುದಿಲ್ಲ. 2017ರಲ್ಲಿ ಪೋರ್ಚುಗಲ್‌ನಲ್ಲಿ ಕಾಡಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಬೆಂಕಿಯನ್ನು ಕಂಡ ಆರು ಮಕ್ಕಳು ಮತ್ತು ಯುವಕರು 2020ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಒಂದಲ್ಲ ಎರಡಲ್ಲ, 33 ದೇಶಗಳ ಮೇಲೆ ದೂರು. ನಿಮ್ಮೆಲ್ಲರ ಹೊಗೆಯಿಂದ ನಮ್ಮ ಬದುಕಿಗೆ ಅಪಾಯ ಎಂಬುದು ಅವರ ವಾದ. 2024ರ ಏಪ್ರಿಲ್ 9ರಂದು ನ್ಯಾಯಾಲಯ ಅರ್ಜಿಯನ್ನು ಸ್ವೀಕರಿಸಲು ಒಪ್ಪಲಿಲ್ಲ. ಬೇರೆ ದೇಶಗಳ ಸರ್ಕಾರಗಳಿಗೆ ನಿಮ್ಮ ವಿಷಯದಲ್ಲಿ ಕಾನೂನಿನ ವ್ಯಾಪ್ತಿ ಇಲ್ಲ ಎಂದಿತು. ನಿಮ್ಮದೇ ದೇಶದ ನ್ಯಾಯಾಲಯಗಳಿಗೆ ಮೊದಲು ಹೋಗಿಲ್ಲ ಎಂದೂ ಹೇಳಿತು.

ಅದೇ ದಿನ, ಅದೇ ನ್ಯಾಯಾಲಯದಲ್ಲಿ ಇನ್ನೊಂದು ತೀರ್ಪು ಬಂತು. ಸ್ವಿಟ್ಜರ್ಲೆಂಡಿನ ಎರಡು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ಸಂಘ ತನ್ನ ಸರ್ಕಾರದ ವಿರುದ್ಧ ಗೆದ್ದಿತು. ಬಿಸಿಗಾಳಿಯಿಂದ ನಮ್ಮ ಜೀವಕ್ಕೆ ಅಪಾಯ, ಸರ್ಕಾರ ಮಾಡಬೇಕಾದಷ್ಟು ಮಾಡುತ್ತಿಲ್ಲ ಎಂದು ಅವರು ಸ್ವಂತ ದೇಶದ ಎಲ್ಲ ಮೆಟ್ಟಿಲು ಹತ್ತಿ ಇಳಿದು ಆಮೇಲೆ ಇಲ್ಲಿಗೆ ಬಂದಿದ್ದರು. ಸೋತ ಯುವಕರು ಗೆದ್ದ ಅಜ್ಜಿಯರ ಜೊತೆ ಸಂಭ್ರಮಿಸಿದರು. ಆ ಗೆಲುವು ತಮ್ಮದೂ ಹೌದು ಎಂದರು. ಸರಿಯೇ ಅಲ್ವಾ? ಅಲ್ಲಿ ಸಿಕ್ಕ ತೀರ್ಪು ಯುರೋಪಿನ ಎಲ್ಲ ಮಕ್ಕಳ ಕೈಗೂ ಒಂದು ಆಧಾರ ಕೊಟ್ಟಿತು.

ಆ ಒಂದು ದಿನದ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇವತ್ತಿನ ಸ್ಥಿತಿ ಸ್ಪಷ್ಟವಾಗುತ್ತದೆ. ಹಾನಿ ಗಡಿ ದಾಟುತ್ತದೆ. ಹೊಣೆ ಇನ್ನೂ ಗಡಿಯ ಹತ್ತಿರ ಬಂದು ನಿಲ್ಲುತ್ತದೆ. ಅದನ್ನು ದಾಟಿಸಲು ಸದ್ಯಕ್ಕೆ ಇರುವ ವಾಹನ ನಮ್ಮ ನಮ್ಮ ದೇಶಗಳ ಸಂಸ್ಥೆಗಳೇ. ಕೆಲಸದ ದಾರಿ ಗೊತ್ತಿರುವ ಹಿರಿಯರ ಜೊತೆ ಕೈಜೋಡಿಸಿದಾಗ ಯುವಕರ ಕೆಲಸ ಬೇಗ ಸಾಗುತ್ತದೆ ಎಂಬುದೂ ಇಲ್ಲಿ ಕಾಣುತ್ತದೆ. ಡಬ್ಲಿನ್‌ನ ಹುಡುಗಿಯರಿಗೆ ಸೆಜಾಕೆ ಸಿಕ್ಕಿದ ಹಾಗೆ.

ಇನ್ನು ಶಾಲೆಗಳ ವಿಷಯ. ವಿಶ್ವ ಪೌರತ್ವ ಎಂಬ ಮಾತು ಶಿಕ್ಷಣದ ದಾಖಲೆಗಳಲ್ಲಿ ಈಗ ಗಟ್ಟಿಯಾಗಿ ಕೂತಿದೆ. 2015ರಲ್ಲಿ 193 ದೇಶಗಳು ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7ನೆಯ ಅಂಶ ಇದನ್ನೇ ಹೇಳುತ್ತದೆ. 2030ರ ಹೊತ್ತಿಗೆ ಓದುವ ಎಲ್ಲರಿಗೂ ಮಾನವ ಹಕ್ಕು, ಶಾಂತಿ, ವಿಶ್ವ ಪೌರತ್ವದ ತಿಳಿವಳಿಕೆ ಸಿಗಬೇಕು. ಯುನೆಸ್ಕೊ ಇದೇ ವಿಷಯದಲ್ಲಿ 1974ರಲ್ಲಿ ಮಾಡಿದ್ದ ಶಿಫಾರಸನ್ನು 2023ರ ನವೆಂಬರ್‌ನಲ್ಲಿ ಹೊಸದಾಗಿ ಬರೆಯಿತು. ಮಾತು ಒಳ್ಳೆಯದೇ. ತರಗತಿಗೆ ಇಳಿಯುವಾಗ ಅದು ಬಹಳ ಸಲ ಬಾವುಟ ಹಚ್ಚುವ, ವೇಷ ಹಾಕುವ ಒಂದು ದಿನದ ಕಾರ್ಯಕ್ರಮ ಆಗಿಬಿಡುತ್ತದೆ. ಮಕ್ಕಳು ಹಾಕಿಕೊಂಡ ಅಂಗಿಯ ಹತ್ತಿ ಎಲ್ಲಿ ಬೆಳೆಯಿತು, ಹೊಲಿದವರಿಗೆ ಎಷ್ಟು ಕೂಲಿ ಸಿಕ್ಕಿತು, ಕೈಯಲ್ಲಿರುವ ಫೋನಿನ ಬ್ಯಾಟರಿಯ ಕೋಬಾಲ್ಟ್ ಎಲ್ಲಿಂದ ಬಂತು ಎಂದು ಹುಡುಕಿಸಿದರೆ ಸಾಕು. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ ಬರುತ್ತದೆ. ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ. ಇಷ್ಟು ತಿಳಿದ ಮಗುವಿಗೆ ವಿಶ್ವ ಪೌರತ್ವದ ಅರ್ಥವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಪ್ರವಾಸ ಮತ್ತು ವಿನಿಮಯದ ಬಗ್ಗೆಯೂ ಒಂದು ಮಾತು. ಯುರೋಪಿನ ಎರಾಸ್ಮಸ್ ಯೋಜನೆ 1987ರಲ್ಲಿ 11 ದೇಶಗಳ ಮೂರು ಸಾವಿರ ಚಿಲ್ಲರೆ ವಿದ್ಯಾರ್ಥಿಗಳಿಂದ ಶುರುವಾಯಿತು. ಈವರೆಗೆ ಒಂದೂವರೆ ಕೋಟಿಗೂ ಹೆಚ್ಚು ಜನ ಅದರಡಿ ಬೇರೆ ದೇಶಕ್ಕೆ ಹೋಗಿ ಕಲಿತು ಬಂದಿದ್ದಾರೆ. ಒಂದು ಕಾಲಕ್ಕೆ ಪರಸ್ಪರ ಯುದ್ಧ ಮಾಡಿದ ದೇಶಗಳ ಮಕ್ಕಳು ಒಂದೇ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡು ಉಂಡರು. ಅದರ ಬೆಲೆ ದೊಡ್ಡದು. ಆದರೆ ಜಗತ್ತಿನ ಹೆಚ್ಚಿನ ಯುವಕರಿಗೆ ಗಡಿ ಅಂದರೆ ವೀಸಾ ಕಚೇರಿಯ ಸಾಲು, ಬ್ಯಾಂಕ್ ಖಾತೆಯ ದಾಖಲೆ, ಕಾರಣ ಹೇಳದ ನಿರಾಕರಣೆ. ಇನ್ನು ಕೆಲವರಿಗೆ ಗಡಿ ಅಂದರೆ ಜೀವ ಉಳಿಸಿಕೊಳ್ಳಲು ರಾತ್ರಿ ದಾಟಿದ ನದಿ. 2024ರ ಕೊನೆಗೆ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಜನ ಬಲವಂತವಾಗಿ ಮನೆ ಬಿಟ್ಟವರಿದ್ದರು. ಅವರಲ್ಲಿ ಹತ್ತಕ್ಕೆ ನಾಲ್ಕು ಮಂದಿ 18 ತುಂಬದ ಮಕ್ಕಳು. ಓಡಾಡಿದವರೇ ವಿಶ್ವ ಪೌರರು ಎನ್ನುವುದಾದರೆ ಈ ಮಕ್ಕಳೇ ಎಲ್ಲರಿಗಿಂತ ಮುಂದೆ ಇರಬೇಕಿತ್ತು. ಅವರನ್ನು ಯಾರೂ ಹಾಗೆ ಕರೆಯುವುದಿಲ್ಲ.

ಹಾಗಾದರೆ ಕೂತಲ್ಲಿಂದ ಏನು ಮಾಡಬಹುದು? ನನಗೆ ತುಂಬ ಇಷ್ಟವಾದ ಒಂದು ಕೆಲಸವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಜನರೇ ಸೇರಿ ಬರೆಯುವ ಜಗತ್ತಿನ ನಕ್ಷೆ. 2004ರಲ್ಲಿ ಲಂಡನ್‌ನಲ್ಲಿ ಓದುತ್ತಿದ್ದ ಸ್ಟೀವ್ ಕೋಸ್ಟ್ ಅದನ್ನು ಶುರು ಮಾಡಿದರು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿಯ ಸರಿಯಾದ ನಕ್ಷೆಯೇ ಇರಲಿಲ್ಲ. ಎಲ್ಲೆಲ್ಲಿಯೋ ಕೂತ ನೂರಾರು ಜನ ಉಪಗ್ರಹ ಚಿತ್ರ ನೋಡಿಕೊಂಡು ಕೆಲವೇ ದಿನಗಳಲ್ಲಿ ಬೀದಿ ಬೀದಿಯನ್ನೂ ಗುರುತಿಸಿದರು. ರಕ್ಷಣಾ ತಂಡಗಳು ಅದನ್ನೇ ಹಿಡಿದು ಓಡಾಡಿದವು. 2015ರಲ್ಲಿ ಯೂತ್‌ಮ್ಯಾಪರ್ಸ್ ಎಂಬ ವಿದ್ಯಾರ್ಥಿ ಜಾಲ ಹುಟ್ಟಿತು. ಈಗ ಹತ್ತಾರು ದೇಶಗಳ ಕಾಲೇಜುಗಳಲ್ಲಿ ಅದರ ಗುಂಪುಗಳಿವೆ.

ಈ ಕೆಲಸ ಹೇಗಿರುತ್ತದೆ ನೋಡಿ. ಪರದೆಯ ಮೇಲೆ ಒಂದು ಚೌಕ ಬರುತ್ತದೆ. ಮೇಲಿಂದ ತೆಗೆದ ಚಿತ್ರ. ಕಂದು ನೆಲ, ಅಲ್ಲಲ್ಲಿ ಬೂದು ಚುಕ್ಕೆ. ದೊಡ್ಡದು ಮಾಡಿ ನೋಡಿದರೆ ಚುಕ್ಕೆ ತಗಡಿನ ಸೂರು. ಅದರ ನಾಲ್ಕು ಮೂಲೆಗೆ ಒಂದೊಂದು ಕ್ಲಿಕ್. ಪಕ್ಕದ ಕಪ್ಪು ಗುರುತು ಮನೆಯೋ ಮರದ ನೆರಳೋ ಎಂದು ಗೊತ್ತಾಗದೆ ಕಣ್ಣು ಕಿರಿದು ಮಾಡಿ ನೋಡಬೇಕು. ತೆಳ್ಳಗಿನ ಗೆರೆ ಕಾಲುದಾರಿ. ಒಂದು ಚೌಕ ಮುಗಿಸಲು ಅರ್ಧ ಗಂಟೆ ಹಿಡಿಯಬಹುದು. ಆಮೇಲೆ ಇನ್ನೊಬ್ಬರು ಅದನ್ನು ಪರೀಕ್ಷಿಸುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಇಷ್ಟಾದರೂ ನಕ್ಷೆ ಪೂರ್ತಿ ಆಗಿರುವುದಿಲ್ಲ. ಆ ಹಳ್ಳಿಯ ಹೆಸರೇನು, ಆ ಕಟ್ಟಡ ಶಾಲೆಯೋ ಆಸ್ಪತ್ರೆಯೋ, ಆ ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂಬುದು ಆಕಾಶದಿಂದ ಕಾಣುವುದಿಲ್ಲ. ಅದನ್ನು ಅಲ್ಲಿರುವವರೇ ತುಂಬಬೇಕು. ಅಲ್ಲಿಯ ವಿದ್ಯಾರ್ಥಿಗಳು ಫೋನ್ ಹಿಡಿದು ನಡೆದು ಹೆಸರು ಬರೆಯುತ್ತಾರೆ. ದೂರದವರಿಗೆ ಗೆರೆ ಗೊತ್ತು, ಹತ್ತಿರದವರಿಗೆ ಹೆಸರು ಗೊತ್ತು. ಎರಡೂ ಸೇರದೆ ನಕ್ಷೆ ಇಲ್ಲ. ಉಪಕಾರ ಮಾಡುವವರು, ಪಡೆಯುವವರು ಎಂಬ ಭೇದ ಇಲ್ಲಿ ತಾನಾಗಿಯೇ ಕರಗುತ್ತದೆ.

ಇದಕ್ಕೂ ಇಂಟರ್ನೆಟ್ ಬೇಕಲ್ಲ ಎನ್ನುತ್ತೀರಿ. ನಿಜ. 2024ರಲ್ಲಿ 260 ಕೋಟಿ ಜನ ಇಂಟರ್ನೆಟ್‌ನಿಂದ ಹೊರಗಿದ್ದರು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಲೆಕ್ಕ ಹಾಕಿದೆ. ಒಳಗಿರುವವರಿಗೂ ಅಪಾಯ ತಪ್ಪಿದ್ದಲ್ಲ. ದ್ವೇಷವೂ ಸುಳ್ಳೂ ಅದೇ ತಂತಿಯಲ್ಲಿ ಗಡಿ ದಾಟಿ ಬರುತ್ತವೆ. ಒಂದು ವಿಡಿಯೊ ಹಂಚಿ, ಬೇಸರಪಟ್ಟು, ಮುಂದಿನದಕ್ಕೆ ಬೆರಳು ಜಾರಿಸಿದರೆ ಮನಸ್ಸಿಗೆ ಏನೋ ಮಾಡಿದ ಹಾಗೆ ಅನ್ನಿಸುತ್ತದೆ. ಅಲ್ಲಿ ಯಾರಿಗೂ ಏನೂ ತಲುಪಿರುವುದಿಲ್ಲ.

ಈಗ ಯುವಕರನ್ನು ಹೊಗಳುವವರ ಕಡೆಗೆ ಬರೋಣ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ.

2018ರ ಆಗಸ್ಟ್‌ನಲ್ಲಿ 15 ವರ್ಷದ ಗ್ರೇಟಾ ತುನ್‌ಬರ್ಗ್ ಸ್ವೀಡನ್ ಸಂಸತ್ತಿನ ಹೊರಗೆ ಒಬ್ಬಳೇ ಕೂತಳು. 2019ರ ಮಾರ್ಚ್ 15ರ ಹೊತ್ತಿಗೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ತರಗತಿ ಬಿಟ್ಟು ರಸ್ತೆಗೆ ಬಂದರು. ದೊಡ್ಡವರು ಚಪ್ಪಾಳೆ ತಟ್ಟಿದರು. ನೀವೇ ನಮ್ಮ ಭರವಸೆ ಎಂದರು. ಆ ಮಾತಿನ ಅಡಿಯಲ್ಲಿ ಒಂದು ನುಣುಚಾಟವಿದೆ. ಬಜೆಟ್ಟು, ಕಾರ್ಖಾನೆ, ಕಾನೂನು ಎಲ್ಲ ತಮ್ಮ ಕೈಯಲ್ಲಿಟ್ಟುಕೊಂಡು ಭರವಸೆಯ ಹೊರೆಯನ್ನು ಮಾತ್ರ ಹದಿನೈದರ ಮಕ್ಕಳ ತಲೆಗೆ ಕಟ್ಟುವುದು. ಜಗತ್ತಿನಲ್ಲಿ 15ರಿಂದ 24 ವಯಸ್ಸಿನವರು ಸುಮಾರು 120 ಕೋಟಿ ಇದ್ದಾರೆ. 30ರ ಒಳಗಿನವರನ್ನೆಲ್ಲ ಸೇರಿಸಿದರೆ ಜಗತ್ತಿನ ಅರ್ಧ ಜನ. ಆದರೆ 2023ರಲ್ಲಿ ದೇಶಗಳ ಸಂಸತ್ತುಗಳನ್ನು ಲೆಕ್ಕ ಹಾಕಿದಾಗ 30 ಮತ್ತು ಅದಕ್ಕಿಂತ ಚಿಕ್ಕ ವಯಸ್ಸಿನ ಸದಸ್ಯರು ನೂರಕ್ಕೆ ಮೂವರೂ ಇರಲಿಲ್ಲ.

ಒಪ್ಪಂದಗಳಲ್ಲಿ ಜಾಗ ಸಿಕ್ಕಿದೆ. 2015ರ ಡಿಸೆಂಬರ್ 9ರಂದು ಜೋರ್ಡಾನ್‌ನ ಮುತುವರ್ಜಿಯಿಂದ ಭದ್ರತಾ ಮಂಡಳಿ 2250ನೆಯ ನಿರ್ಣಯ ಮಾಡಿತು. ಯುವಕರನ್ನು ಯುದ್ಧದ ಬಲಿಪಶುಗಳು ಅಥವಾ ಬಂದೂಕು ಹಿಡಿಯುವವರು ಎಂದಷ್ಟೇ ನೋಡದೆ, ಶಾಂತಿ ಕಟ್ಟುವವರೆಂದು ಮಾತುಕತೆಯಲ್ಲಿ ಸೇರಿಸಿಕೊಳ್ಳಿ ಎಂದು ಅದು ದೇಶಗಳಿಗೆ ಹೇಳಿತು. ವಿಶ್ವಸಂಸ್ಥೆಯಲ್ಲಿ ಯುವಜನರಿಗಾಗಿಯೇ ಒಂದು ಕಚೇರಿ ತೆರೆಯಲು 2022ರಲ್ಲಿ ಮಹಾಸಭೆ ಒಪ್ಪಿತು. ಇವು ಬೇಕಾದ ಹೆಜ್ಜೆಗಳೇ. ಆದರೆ ಕರೆಯುವುದು, ಮಾತಾಡಿಸುವುದು, ಫೋಟೋ ತೆಗೆಸುವುದು ಒಂದು. ತೀರ್ಮಾನದ ಕಾಗದಕ್ಕೆ ಸಹಿ ಹಾಕುವ ಕೈಗಳಲ್ಲಿ ಅವರದ್ದೂ ಒಂದಾಗುವುದು ಇನ್ನೊಂದು.

ಹಲವು ದೇಶಗಳಲ್ಲಿ 18ಕ್ಕೆ ಮತ ಹಾಕಬಹುದು, ಚುನಾವಣೆಗೆ ನಿಲ್ಲಲು 25ರವರೆಗೆ ಕಾಯಬೇಕು. ಈ ಏಳು ವರ್ಷದ ಅಂತರಕ್ಕೆ ಒಪ್ಪುವಂಥ ಕಾರಣ ನನಗಂತೂ ಕಾಣುವುದಿಲ್ಲ. ಕೆಲವು ಕಡೆ ಬದಲಾವಣೆ ಶುರುವಾಗಿದೆ. ಆಸ್ಟ್ರಿಯಾ 2007ರಲ್ಲೇ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು. 2024ರ ಜೂನ್‌ನ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಜರ್ಮನಿ ಮತ್ತು ಬೆಲ್ಜಿಯಂನ 16ರ ಹುಡುಗ ಹುಡುಗಿಯರೂ ಮತ ಹಾಕಿದರು. 2019ರ ಮಾರ್ಚ್‌ನಲ್ಲಿ ಫಲಕ ಹಿಡಿದು ರಸ್ತೆಯಲ್ಲಿದ್ದ ಹನ್ನೊಂದರ ಮಕ್ಕಳು ಈಗ ಮತಗಟ್ಟೆಯ ಸಾಲಿನಲ್ಲಿದ್ದರು. ಅವರೆಲ್ಲ ಒಂದೇ ಕಡೆ ಮತ ಹಾಕಲಿಲ್ಲ. ಜರ್ಮನಿಯಲ್ಲಿ ವಲಸೆಯನ್ನು ವಿರೋಧಿಸುವ ಪಕ್ಷಕ್ಕೆ ಹೋದ ಯುವ ಮತಗಳು ಹಿಂದಿಗಿಂತ ಜಾಸ್ತಿಯೇ ಇದ್ದವು. ಅದನ್ನು ನೋಡಿ ಮತದ ವಯಸ್ಸು ಇಳಿಸಿದ್ದೇ ತಪ್ಪು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯುವಕರು ನಮಗೆ ಇಷ್ಟವಾದದ್ದನ್ನೇ ಹೇಳಲಿ ಎಂಬ ಷರತ್ತು ಹಾಕಿ ಹಕ್ಕು ಕೊಡಲು ಬರುವುದಿಲ್ಲ. ಅವರ ಜೊತೆ ವಾದ ಮಾಡಬೇಕು, ಕೆಲಸ ಮಾಡಬೇಕು. ಈಗ ಅವರು ಸಭೆಯ ಒಳಗೇ ಇದ್ದಾರೆ.